ಜಾತಿ ನಾಯಿ ಕೊಳ್ಳುವುದೋ, ಊರ ನಾಯಿ ತರುವುದೋ?

"ಮನೆಗೊಂದು ನಾಯಿ ಬೇಕು. ದುಡ್ಡು ಕೊಟ್ಟು ಜಾತಿ ಮರಿ ತರೋದು ಒಳ್ಳೇದಾ, ಇಲ್ಲಾ ಯಾರೋ ಬಿಟ್ಟುಹೋದ ನಾಯಿ ತಂದು ಸಾಕೋದಾ?" ಶಿವಮೊಗ್ಗ ಪೇಟೆಯವರೂ ಇದನ್ನೇ ಕೇಳುತ್ತಾರೆ, ತೀರ್ಥಹಳ್ಳಿ, ಹೊಸನಗರ ಕಡೆಯ ತೋಟದ ಮನೆಯವರೂ ಇದನ್ನೇ ಕೇಳುತ್ತಾರೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮಲೆನಾಡಿನ ಬಹುಪಾಲು ಮನೆಗಳಿಗೆ ಹೊಂದುವುದು ವರ್ಷ ದಾಟಿದ, ಮರಿಯಾಗದಂತೆ ಆಪರೇಶನ್ ಆದ, ಗುಣ ಏನೆಂದು ಗೊತ್ತಾಗಿರುವ ಊರ ನಾಯಿ. ಜಾತಿ ನಾಯಿಯೇ ಬೇಕೆಂದಿದ್ದರೆ ಕೊಳ್ಳಿ, ತಪ್ಪೇನಿಲ್ಲ. ಆದರೆ ಮರಿಯ ತಾಯಿಯನ್ನು ಕಣ್ಣಾರೆ ನೋಡದೆ ಮುಂಗಡ ಕೊಡಬೇಡಿ. ಹಾಲು ನೋಡಿ ಎಮ್ಮೆ ತಾ, ತಾಯಿ ನೋಡಿ ಹೆಣ್ಣು ತಾ ಎಂಬ ಗಾದೆ ನಾಯಿಗೂ ಪೂರ್ತಿ ಸಲ್ಲುತ್ತದೆ. ಎರಡು ತಿಂಗಳ ಮರಿಯಲ್ಲಿ ಕಾಣುವುದು ಮುದ್ದು ಮಾತ್ರ. ಮುಂದೆ ಅದು ಏನಾಗುತ್ತದೆ ಎಂಬುದು ಕಾಣುವುದು ತಾಯಿಯಲ್ಲಿ, ಇಲ್ಲವೇ ಆಗಲೇ ಬೆಳೆದು ನಿಂತ ನಾಯಿಯಲ್ಲಿ.

ತಳಿಯ ಹೆಸರಿಗಿಂತ ಮುಂಚೆ ಮಳೆಯ ಲೆಕ್ಕ ಹಾಕಬೇಕು. ಆರಿದ್ರಾ ಮಳೆಯಿಂದ ಆಶ್ಲೇಷದವರೆಗೆ ಆಗುಂಬೆ, ಹುಲಿಕಲ್ ಸುತ್ತಮುತ್ತ ಅಡುಗೆಮನೆಯ ಬೆಂಕಿಯ ಮೇಲೆ ಕಟ್ಟಿದ ಬಟ್ಟೆಯೇ ಸರಿಯಾಗಿ ಒಣಗುವುದಿಲ್ಲ. ಹಸ್ಕಿ, ಗೋಲ್ಡನ್ ರಿಟ್ರೀವರ್, ಸೇಂಟ್ ಬರ್ನಾರ್ಡ್, ಶಿಟ್ಜು ಇವುಗಳ ಮೇಲ್ಗೂದಲು ಒಣಗಿದಂತೆ ಕಂಡರೂ ಬುಡದಲ್ಲಿ ತೇವ ಉಳಿದಿರುತ್ತದೆ. ಆ ತೇವದಲ್ಲಿ ಚರ್ಮ ಕೆರೆಯುತ್ತದೆ, ನಾಯಿ ನೆಕ್ಕುತ್ತದೆ, ಬೆಳಗಾಗುವುದರೊಳಗೆ ಅಂಗೈಯಗಲ ಕೂದಲು ಉದುರಿ ಕೆಂಪಗೆ ನೀರು ಸೋರುವ ಹುಣ್ಣಾಗಿರುತ್ತದೆ. ಲ್ಯಾಬ್ರಡಾರ್ ಮತ್ತು ಕಾಕರ್ ಸ್ಪೇನಿಯಲ್‌ಗೆ ಕಿವಿಯ ಕಷ್ಟ. ಜೋತು ಬಿದ್ದ ಕಿವಿಯೊಳಗೆ ಗಾಳಿಯಾಡದೆ ಶಿಲೀಂಧ್ರ ಬೆಳೆಯುತ್ತದೆ. ಹುಳಿ ಹಿಡಿದ ಹಿಟ್ಟಿನ ವಾಸನೆ, ಕಂದು ಗುಗ್ಗೆ, ಒಂದೇ ಸಮನೆ ತಲೆ ಕೊಡಹುವುದು ಇದರ ಲಕ್ಷಣ. ಕೊಡಹಿ ಕೊಡಹಿ ಒಳಗಿನ ರಕ್ತನಾಳ ಒಡೆದರೆ ಕಿವಿಯ ಹಾಳೆ ರಕ್ತ ತುಂಬಿ ಬಲೂನಿನಂತೆ ಉಬ್ಬುತ್ತದೆ. ಕಿವಿಗೆ ಕೊಬ್ಬರಿ ಎಣ್ಣೆ ಬಿಡುವುದರಿಂದ ವಾಸಿಯಾಗುವುದಿಲ್ಲ, ತೇವ ಒಳಗೇ ಕೂರುತ್ತದೆ. ಮಳೆಗಾಲವಿಡೀ ದಿನಾ ಹತ್ತಿಬಟ್ಟೆಯಲ್ಲಿ ಕಿವಿ ಒರೆಸಬೇಕು, ವಾರಕ್ಕೊಮ್ಮೆ ಡಾಕ್ಟರು ಕೊಟ್ಟ ದ್ರಾವಣದಲ್ಲಿ ತೊಳೆಯಬೇಕು. ಆ ಪುರುಸೊತ್ತು ನಿಮ್ಮ ಮನೆಯಲ್ಲಿ ಯಾರಿಗಿದೆ ಎಂದು ಈಗಲೇ ಕೇಳಿಕೊಳ್ಳಿ.

ಪಗ್ ನಾಯಿಯ ಮೂಗಿನ ಹೊಳ್ಳೆ ಎಷ್ಟು ಕಿರಿದೆಂದರೆ ತೋಟದಿಂದ ಮನೆಗೆ ಏರು ಹತ್ತುವುದರಲ್ಲಿ ಏದುಸಿರು ಬಿಡುತ್ತದೆ. ಜರ್ಮನ್ ಶೆಫರ್ಡ್ ಮತ್ತು ಲ್ಯಾಬ್ರಡಾರ್‌ನಲ್ಲಿ ಸೊಂಟದ ಕೀಲು ಸರಿಯಾಗಿ ಕೂರದ ದೋಷ ವಂಶದಲ್ಲೇ ಬರುತ್ತದೆ. ಮೆಟ್ಟಿಲು, ಧರೆ, ಜಾರುವ ಅಂಗಳವೇ ಹೆಚ್ಚಿರುವ ನಮ್ಮ ಕಡೆ ಅದು ಬೇಗ ಹೊರಬೀಳುತ್ತದೆ. ಊರ ನಾಯಿಯದ್ದು ಗಿಡ್ಡ ಕೂದಲು, ನೆಟ್ಟಗಿನ ಕಿವಿ. ಗೋಣಿಚೀಲದಲ್ಲಿ ಎರಡು ಸಲ ಒರೆಸಿ ಒಲೆ ಹತ್ತಿರ ಬಿಟ್ಟರೆ ಸಾಕು, ಒಣಗಿರುತ್ತದೆ.

ಉಣುಗಿನ ವಿಷಯದಲ್ಲಿ ಮಾತ್ರ ಜಾತಿ ನಾಯಿ, ಊರ ನಾಯಿ ಎಂಬ ಭೇದವಿಲ್ಲ. ಉಣುಗು ಕಚ್ಚಿ ಮನುಷ್ಯರಿಗೆ ಬರುವ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ನಾಯಿ ಆ ಕಾಯಿಲೆಯ ಮೂಲವಲ್ಲ, ಆದರೆ ಕಾಡಿನ ಉಣುಗನ್ನು ಮೈಮೇಲೆ ಹೊತ್ತು ಜಗುಲಿಯವರೆಗೆ ತರಬಲ್ಲದು. ಹಾಗಾಗಿ ಚಳಿಗಾಲದಿಂದ ಮಳೆ ಹಿಡಿಯುವವರೆಗೆ ದಿನಾ ಸಂಜೆ ನೋಡಲೇಬೇಕು. ಕಿವಿಯ ಒಳಮಡಿಕೆ, ಬೆರಳ ಸಂದು, ಕೊರಳಪಟ್ಟಿಯ ಅಡಿ, ಕಂಕುಳು, ಬಾಲದ ಬುಡ, ಈ ಐದು ಜಾಗ ತಪ್ಪಿಸಬೇಡಿ. ಸಿಕ್ಕಿದ್ದನ್ನು ಚಿಮುಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಹಾಕುವುದು, ಬೆಂಕಿಕಡ್ಡಿ ತಾಗಿಸುವುದು, ಬೆರಳಲ್ಲಿ ಹಿಸುಕುವುದು ಬೇಡ. ನಾಯಿ ಉಣುಗು ಒಂದೊಂದೂ ಸಾವಿರಗಟ್ಟಲೆ ಮೊಟ್ಟೆಯನ್ನು ಗೋಡೆಯ ಬಿರುಕಿನಲ್ಲಿಡುತ್ತದೆ. ಬರೀ ನಾಯಿಗೆ ಔಷಧಿ ಹಾಕಿ ಮಲಗುವ ಜಾಗ ಬಿಟ್ಟರೆ ತಿಂಗಳೊಳಗೆ ಮತ್ತೆ ಅಷ್ಟೇ ಇರುತ್ತದೆ. ಉಣುಗು ಕೊಲ್ಲುವ ಫ್ಲೂರಾಲನರ್ ಮಾತ್ರೆ ಒಂದು ಕೊಟ್ಟರೆ ಸುಮಾರು 12 ವಾರ ತಡೆಯುತ್ತದೆ, ತೂಕ ನೋಡಿ ಡಾಕ್ಟರೇ ಬರೆಯಬೇಕು. ಕೊಟ್ಟಿಗೆಯಲ್ಲಿ ದನಕ್ಕೆ ತಂದಿಟ್ಟ ಔಷಧಿಯನ್ನು ಅಂದಾಜಿನಲ್ಲಿ ನಾಯಿಗೆ ಸುರಿಯಬೇಡಿ. ನಾಯಿ ಮೈ ನೆಕ್ಕಿಕೊಂಡು ವಿಷವೇರುತ್ತದೆ. ದನಕ್ಕೆ ಹುಳ, ಉಣುಗಿಗೆಂದು ಕೊಡುವ ಐವರ್‌ಮೆಕ್ಟಿನ್ ಅಂತೂ ಕೋಲಿ ಜಾತಿಯ ನಾಯಿಗಳ ಮಿದುಳಿಗೇ ಏರಿ ಕೊಲ್ಲಬಹುದು. ಉಣುಗು ಜ್ವರ ಬಂದ ನಾಯಿ ಊಟ ಬಿಡುತ್ತದೆ, ಒಸಡು ಬೆಳ್ಳಗಾಗುತ್ತದೆ, ಕೆಲವೊಮ್ಮೆ ಮೂಗಿನಲ್ಲಿ ರಕ್ತ ಬರುತ್ತದೆ. ಡಾಕ್ಸಿಸೈಕ್ಲಿನ್ ಮಾತ್ರೆ ಸಾಮಾನ್ಯವಾಗಿ 28 ದಿನ. ಐದನೇ ದಿನಕ್ಕೆ ಗೆಲುವಾಯಿತೆಂದು ನಿಲ್ಲಿಸಿದರೆ ಜ್ವರ ಮರಳುತ್ತದೆ.

ಇನ್ನು ಕೊಳ್ಳುವ ಮಾತು. 2017ರ ನಾಯಿ ಸಂತಾನಾಭಿವೃದ್ಧಿ ಮತ್ತು ಮಾರಾಟ ನಿಯಮಗಳ ಪ್ರಕಾರ ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮಾರುವವರು "ಎರಡು ತಿಂಗಳಾಯ್ತು" ಎನ್ನುತ್ತಾರೆ, ಬಹಳ ಸಲ ಅದು 35, 40 ದಿನದ್ದಾಗಿರುತ್ತದೆ. ಬಾಯಿ ತೆರೆದು ನೋಡಿ. ಎರಡು ತಿಂಗಳ ಮರಿಗೆ 28 ಹಾಲುಹಲ್ಲೂ ಬಂದಿರಬೇಕು. ಹಿಂದಿನ ದವಡೆ ಇನ್ನೂ ಬೋಳಾಗಿದ್ದರೆ ವಯಸ್ಸಿನ ಮಾತು ಸುಳ್ಳು. ಬಾಯಿ ತೆರೆದಾಗಲೇ ಒಸಡನ್ನು ಹೆಬ್ಬೆರಳಲ್ಲಿ ಒತ್ತಿ ಬಿಡಿ, ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ನಸುಗೆಂಪಾಗಬೇಕು. ಮರಿಯನ್ನು ಮಗುಚಿ ಹೊಟ್ಟೆ ನೋಡಿ. ಊಟಕ್ಕೆ ಮುಂಚೆಯೂ ಮಡಕೆಯಂತೆ ಉಬ್ಬಿದ್ದು ಪಕ್ಕೆಲುಬು ಕಾಣುತ್ತಿದ್ದರೆ ಹುಳ. ಹೊಕ್ಕುಳ ಹತ್ತಿರ ಒತ್ತಿದರೆ ಒಳಹೋಗುವ ಮೆತ್ತನೆಯ ಗುಬುಟು ಇದ್ದರೆ ಹೊಕ್ಕುಳಿನ ಹರ್ನಿಯಾ, ಅದಕ್ಕೆ ಮುಂದೆ ಆಪರೇಶನ್ ಬೇಕಾಗಬಹುದು. ಬಾಲದಡಿ ಅಂಟಂಟಾಗಿದ್ದರೆ ಭೇದಿ ಇದೆ, ಆ ದಿನ ಬರಿಗೈಯಲ್ಲೇ ಬನ್ನಿ. ಕರುಣೆಗೆ ಕೊಂಡ ಮರಿ ಪಾರ್ವೋ ಎಂಬ ವಾಂತಿಭೇದಿಯ ರೋಗ ಬಂದು ನಾಲ್ಕೇ ದಿನಕ್ಕೆ ಸತ್ತರೆ ಮಕ್ಕಳ ಅಳು ನೋಡಲಾಗದು. ಸಾಲದ್ದಕ್ಕೆ ಆ ವೈರಾಣು ನಿಮ್ಮ ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿದು ಮುಂದಿನ ಮರಿಗಾಗಿ ಕಾಯುತ್ತದೆ. ಸಿಮೆಂಟ್ ನೆಲವಾದರೆ 30 ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಬೆರೆಸಿ, ಹತ್ತು ನಿಮಿಷ ಬಿಟ್ಟು ತೊಳೆಯಬಹುದು. ಮಣ್ಣಿಗೆ ಅಷ್ಟು ಸುಲಭದ ಉಪಾಯವಿಲ್ಲ.

ಇಷ್ಟಾದ ಮೇಲೆ ತಾಯಿಯನ್ನು ತೋರಿಸಲು ಕೇಳಿ. "ತಾಯಿ ಊರಲ್ಲಿದೆ", "ಪಾರ್ಸೆಲ್ ಬಂದ ಮರಿ" ಎಂದರೆ ಅಲ್ಲಿಗೆ ಮಾತು ಮುಗಿಯಿತು. ಅಪರಿಚಿತರನ್ನು ಕಂಡು ಮೂಲೆ ಸೇರುವ, ಅಥವಾ ಮೊಲೆ ಜೋತು ಬೆನ್ನುಮೂಳೆ ಎದ್ದ ತಾಯಿಯ ಮರಿ ಬೇಡ. ಅದೇ ನಿಯಮಗಳು ಹೆಣ್ಣು ನಾಯಿಗೆ ವರ್ಷಕ್ಕೊಂದೇ ಸೂಲು, ಜೀವಮಾನದಲ್ಲಿ ಐದೇ ಸೂಲು ಎಂದು ಮಿತಿ ಹಾಕಿವೆ. ಲ್ಯಾಬ್ರಡಾರ್, ಶೆಫರ್ಡ್ ಆದರೆ ತಂದೆತಾಯಿಗೆ ವರ್ಷ ತುಂಬಿದ ಮೇಲೆ ತೆಗೆಸಿದ ಸೊಂಟದ ಎಕ್ಸ್‌ರೇ ಕೇಳಿ. ಕೆನಲ್ ಕ್ಲಬ್ ಆಫ್ ಇಂಡಿಯಾದ ಪತ್ರ ವಂಶ ಹೇಳುತ್ತದೆಯೇ ಹೊರತು ಆರೋಗ್ಯ ಹೇಳುವುದಿಲ್ಲ. ಪತ್ರದಲ್ಲಿರುವ ಮೈಕ್ರೋಚಿಪ್ (ಚರ್ಮದಡಿ ಹಾಕುವ ಗುರುತಿನ ಚಿಪ್) ಸಂಖ್ಯೆ 15 ಅಂಕಿಯದ್ದು, ಮರಿಯ ಮೈಮೇಲೆ ಯಂತ್ರ ಹಿಡಿದಾಗ ಅದೇ ಬರಬೇಕು. "ಡಬಲ್ ಬೋನ್" ಎಂಬುದು ವ್ಯಾಪಾರದ ಮಾತು, ಅಂಥ ತಳಿಯಿಲ್ಲ. ಪೊಮೇರಿಯನ್ ಎಂದು ಮಾರುವ ಬಿಳಿ ನಾಯಿಗಳೂ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್. ಒಳ್ಳೆಯ ನಾಯಿಯೇ, ಹೆಸರು ಮಾತ್ರ ಬೇರೆ.

ಮುಧೋಳ ನಾಯಿಯ ಬಗ್ಗೆಯೂ ಕೇಳುತ್ತಾರೆ. ನಮ್ಮದೇ ರಾಜ್ಯದ ತಳಿ, 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ನಾಯಿ. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಪಶು ವಿಶ್ವವಿದ್ಯಾಲಯದ ಶ್ವಾನ ಕೇಂದ್ರವೇ ಇದೆ. ಆದರೆ ಅದು ಬಯಲುಸೀಮೆಯ ಓಟಗಾರ. ಕಣ್ಣಿಗೆ ಬಿದ್ದದ್ದನ್ನು ಅಟ್ಟಿಸಿಕೊಂಡು ಹೋಗುವುದು ಅದರ ಹುಟ್ಟುಗುಣ. ಬೇಲಿಯಾಚೆಯೇ ಕಾಡು ಶುರುವಾಗುವ ಮನೆಯಲ್ಲಿ ಮೊಲದ ಹಿಂದೆ ಹೋದ ನಾಯಿ ಹಂದಿಗೆ ಕಟ್ಟಿದ ಉರುಳಿಗೆ ಸಿಕ್ಕಬಹುದು. ಎತ್ತರದ ಕಾಂಪೌಂಡ್ ಇಲ್ಲದವರಿಗೆ ನಾನು ಹೇಳುವುದಿಲ್ಲ.

ಊರ ನಾಯಿ ತರುವವರು ಎಡವುವುದು ಬೇರೆ ಕಡೆ. ಪುಕ್ಕಟೆ ಸಿಕ್ಕಿತೆಂದು ಪರೀಕ್ಷೆಯನ್ನೇ ಮಾಡಿಸುವುದಿಲ್ಲ. ಹೆಣ್ಣಾಗಲಿ ಗಂಡಾಗಲಿ ಮೂತ್ರದ ಜಾಗದಿಂದ ಬೆದೆಯ ಕಾಲ ಬಿಟ್ಟೂ ಹನಿಹನಿ ರಕ್ತ ಬೀಳುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಕೂಡುವಾಗ ನಾಯಿಯಿಂದ ನಾಯಿಗೆ ಅಂಟುವ, ಹೂಕೋಸಿನಂಥ ಗಡ್ಡೆ ಅದಾಗಿರಬಹುದು. ಹೆಸರು ಕೇಳಿ ಹೆದರಿ ನಾಯಿಯನ್ನು ಹಿಂದೆ ಬಿಡುವವರಿದ್ದಾರೆ, ಬಿಡಬೇಡಿ. ವಾರಕ್ಕೊಂದರಂತೆ ನಾಲ್ಕರಿಂದ ಆರು ವಿನ್‌ಕ್ರಿಸ್ಟಿನ್ ಇಂಜೆಕ್ಷನ್‌ಗೆ ಬಹುತೇಕ ಪೂರ್ತಿ ಕರಗುತ್ತದೆ. ಶಿವಮೊಗ್ಗದ ವಿನೋಬನಗರದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೋಧನಾ ಆಸ್ಪತ್ರೆಯಿದೆ, ತಂದ ವಾರದಲ್ಲೇ ಒಮ್ಮೆ ತೋರಿಸಿ ರಕ್ತಪರೀಕ್ಷೆ ಮಾಡಿಸಿ. ಕಿವಿಯ ತುದಿಯಲ್ಲಿ ಚಿಕ್ಕ ಕಚ್ಚು ಇದ್ದರೆ ಆಪರೇಶನ್ ಆಗಿದೆ ಎಂದರ್ಥ. ಮನೆಯಲ್ಲಿ ಬೇರೆ ನಾಯಿಯಿದ್ದರೆ ಹೊಸದನ್ನು ಎರಡು ವಾರ ಬೇರೆ ಕಟ್ಟಿ, ತಟ್ಟೆ, ಹಾಸಿಗೆ ಎಲ್ಲ ಬೇರೆಯೇ ಇರಲಿ.

ಗುಣ ನೋಡಲು ಎರಡು ಸಲ ಹೋಗಿ, ಒಂದು ಸಲ ಮುಸ್ಸಂಜೆಗೆ. ಕೋಳಿ ಸಾಕುವ ಮನೆಯಾದರೆ ನಾಯಿಯನ್ನು ಹಗ್ಗದಲ್ಲಿ ಹಿಡಿದು ಕೋಳಿಗಳಿಂದ ಇಪ್ಪತ್ತು ಅಡಿ ದೂರ ನಿಲ್ಲಿಸಿ. ನೋಡುತ್ತದೆ, ಹೆಸರು ಕರೆದರೆ ತಿರುಗುತ್ತದೆ, ಮತ್ತೆ ನೋಡುತ್ತದೆ: ಇದು ಕಲಿಯುವ ನಾಯಿ. ಮೈ ಬಿಗಿದು, ಅಲ್ಲಾಡುತ್ತಿದ್ದ ಬಾಲ ನಿಂತು, ಮುಂಗಾಲು ಒಂದು ಮೇಲೆದ್ದು, ಕರೆದದ್ದು ಕಿವಿಗೇ ಬೀಳದಿದ್ದರೆ ನಿಮ್ಮ ಗೂಡಿನಲ್ಲಿ ಕೋಳಿ ಉಳಿಯುವುದಿಲ್ಲ. ಕರುವಿನ ಎದುರೂ ಹಾಗೇ ನೋಡಿ. ಕೊಡೆ ಬಿಚ್ಚಿ ತೋರಿಸಿ, ಕಂಬಳಿಕೊಪ್ಪೆ ಹೊದ್ದು ಎದುರು ನಡೆಯಿರಿ. ಬೆದರಿ ಹಿಂದೆ ಸರಿದರೂ ಅರೆ ನಿಮಿಷದಲ್ಲಿ ಮೂಸಲು ಬಂದರೆ ಸಾಕು. ಊಟದ ತಟ್ಟೆ ಇಟ್ಟು ಆರಡಿ ದೂರದಲ್ಲಿ ಹಾದುಹೋಗಿ. ತಲೆಯೆತ್ತದೆ ಓರೆಗಣ್ಣಲ್ಲಿ ನೋಡುತ್ತ ಗಬಗಬ ನುಂಗುವುದಾದರೆ, ಅದರಲ್ಲೂ ಗುರುಗುಟ್ಟಿದರೆ, ಅಂಬೆಗಾಲಿಡುವ ಮಕ್ಕಳ ಮನೆಗೆ ಅದು ಬೇಡ.

ಬಂದ ದಿನವೇ ಸ್ನಾನ ಮಾಡಿಸಬೇಡಿ, ನೆಂಟರಿಷ್ಟರನ್ನು ಕರೆದು ತೋರಿಸಬೇಡಿ. ಮೊದಲ ಎರಡು ಮೂರು ವಾರ ಹಗ್ಗ ಬಿಚ್ಚಲೇಬಾರದು. ಹಳೇ ಜಾಗ ಹುಡುಕಿ ಹೊರಟ ನಾಯಿ ರಸ್ತೆಯಲ್ಲಿ ಸಾಯುತ್ತದೆ. ಕೊರಳಪಟ್ಟಿಯೊಂದೇ ಆದರೆ ಹಿಂದಕ್ಕೆ ಜಗ್ಗಿ ತಲೆ ನುಣುಚಿಕೊಳ್ಳುತ್ತದೆ, ಎದೆಗೂ ಪಟ್ಟಿ ಹಾಕಿ.

ಮರಿಯೇ ಬೇಕು ಎನ್ನುವವರಿಗೆ ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ಕಾಲ ಒಳ್ಳೆಯದು. ಊರ ನಾಯಿಗಳು ಹೆಚ್ಚಾಗಿ ಮರಿ ಹಾಕುವುದು ಆಗಲೇ. ಸಂತೆಮಾಳ, ಬಸ್‌ಸ್ಟ್ಯಾಂಡಿನಲ್ಲಿ ಚೀಲದಲ್ಲಿ ತಂದು ಬಿಡುವವು ಹೆಚ್ಚಿನವು ಹೆಣ್ಣುಮರಿಗಳು. ಹೀಗೆ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಹೆಣ್ಣನ್ನೇ ತನ್ನಿ, ಆರು ತಿಂಗಳ ಹೊತ್ತಿಗೆ ಆಪರೇಶನ್ ಮಾಡಿಸಿದರೆ ಬೆದೆಗೆ ಬಂದು ಊರ ಗಂಡುನಾಯಿಗಳೆಲ್ಲ ಅಂಗಳ ಕಾಯುವುದು ತಪ್ಪುತ್ತದೆ, ಮುಂದೆ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯವೂ ತಪ್ಪುತ್ತದೆ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರ್ನಾಲ್ಕು ವಾರಕ್ಕೊಂದರಂತೆ 16 ವಾರದವರೆಗೆ, ಮೂರು ತಿಂಗಳಿಗೆ ರೇಬೀಸ್. ಚಳಿಗಾಲದ ಮರಿಗೆ ಇವೆಲ್ಲ ಮುಂಗಾರಿಗೆ ಮುಂಚೆ ಮುಗಿದಿರುತ್ತವೆ. ಇಲಿ ಜ್ವರದ ಲಸಿಕೆ ಸೇರಿರುವುದನ್ನೇ ಹಾಕಿಸಿ, ಗದ್ದೆ ನೀರಿನಲ್ಲಿ ಓಡಾಡುವ ನಾಯಿಗೆ ಅದು ಬೇಕೇ ಬೇಕು, ವರ್ಷ ವರ್ಷವೂ ಬೇಕು.

ಖರ್ಚಿನಲ್ಲಿ ಮರಿಯ ಬೆಲೆ ಚಿಕ್ಕ ಭಾಗ. 30 ಕೆಜಿಯ ಲ್ಯಾಬ್ರಡಾರ್‌ಗೆ ದಿನಕ್ಕೆ ಸುಮಾರು 400 ಗ್ರಾಂ ಒಣ ಆಹಾರ ಬೇಕು, ತಿಂಗಳಿಗೆ 12 ಕೆಜಿ. 15 ಕೆಜಿಯ ಊರ ನಾಯಿಗೆ 240 ಗ್ರಾಂ ಆದರೆ ಆಯಿತು. ಮಾಂಸ, ಮೊಟ್ಟೆ ಒಳಗೆ ಬಾರದ ಮನೆಗಳಲ್ಲಿ ದೊಡ್ಡ ಜಾತಿಯ ಮರಿಯನ್ನು ಮಜ್ಜಿಗೆ ಅನ್ನದಲ್ಲಿ ಬೆಳೆಸಿದರೆ ಸುಣ್ಣದಂಶ ಸಾಲದೆ ಮುಂಗಾಲು ಸೊಟ್ಟಗಾಗುತ್ತವೆ. ಅಂಥ ಮನೆಗೆ ಬೆಳೆದ ನಾಯಿಯೇ ಸರಿ, ಅದಕ್ಕೂ ಸಮತೂಕದ ಸಸ್ಯಾಹಾರದ ಪೊಟ್ಟಣ ಸಿಗುತ್ತದೆ.

ಮಂಗ ಓಡಿಸಲಿಕ್ಕೆ ಅಂತಲೇ ನಾಯಿ ಕೇಳುವವರು ಒಂದು ವಿಷಯ ತಿಳಿದಿರಲಿ. ಒಂಟಿ ನಾಯಿ ಬೊಗಳಿದರೆ ಮಂಗ ಅಡಿಕೆ ಮರದ ಮೇಲೇ ಕೂರುತ್ತದೆ. ಜೊತೆಗೆ ಮನುಷ್ಯನೂ ಹೋದರೆ ಮಾತ್ರ ಕದಲುತ್ತದೆ. ಚಿರತೆಗೆ ಯಾವ ತಳಿಯೂ ಸಮವಲ್ಲ. ಅಂಗಳದ ಕಂಬಕ್ಕೆ ಸರಪಳಿ ಹಾಕಿ ಬಿಟ್ಟ ನಾಯಿಗೆ ಓಡಲೂ ದಾರಿಯಿರುವುದಿಲ್ಲ. ಕತ್ತಲಾಗುವ ಮೊದಲು ಒಳಗೆ ಕರೆದುಕೊಳ್ಳಿ. ಜಗುಲಿಗೆ ಬಾಗಿಲಿಲ್ಲದಿದ್ದರೆ ಕೊಟ್ಟಿಗೆಯ ಮೂಲೆಯಲ್ಲಿ ನಾಲ್ಕಡಿ ಅಗಲ, ಆರಡಿ ಉದ್ದದ ಗೂಡು ಮಾಡಿಸಿ. ಮೇಲೂ ಜಾಲರಿ ಇರಲಿ, ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಹಲಗೆ ಹಾಕಿ. ಚಿಲಕ ಹೊರಗಿನಿಂದ ಬೀಳುವಂಥದ್ದಾಗಿರಲಿ.