ಚೆಂಡಿನ ಹಿಂದೆ ಓಡಿದ ಕ್ಯಾಮೆರಾ

2023ರಲ್ಲಿ ನಾನು ಅಮೆರಿಕದ ಮಿಡ್‌ವೆಸ್ಟ್‌ನ ಒಂದು ಸಣ್ಣ ಯೂನಿವರ್ಸಿಟಿಯಲ್ಲಿ ಎಂಎಸ್ ಓದುತ್ತಿದ್ದೆ. ಸ್ಟೂಡೆಂಟ್ ವೀಸಾದಲ್ಲಿ ಹೋದವರು ಕ್ಲಾಸ್ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ದುಡಿಯಬಹುದು. ಲೈಬ್ರರಿ, ಕ್ಯಾಂಟೀನ್ ಎಲ್ಲ ಕಡೆ ನಮ್ಮವರೇ ತುಂಬಿದ್ದರು. ಉಳಿದಿದ್ದು ಫುಟ್‌ಬಾಲ್ ಟೀಮಿಗೆ ವಿಡಿಯೊ ತೆಗೆಯೋ ಕೆಲಸ. ಅಮೆರಿಕನ್ ಫುಟ್‌ಬಾಲ್ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಊರಲ್ಲಿ ಸೋದರಮಾವನ ಜೊತೆ ನಾಲ್ಕು ವರ್ಷ ಮದುವೆ ವಿಡಿಯೊ ತೆಗೆದಿದ್ದೆ, ಅಷ್ಟೇ. "ಟ್ರೈಪಾಡ್ ಹಿಡಿದು ಅಭ್ಯಾಸ ಇದೆಯಾ?" ಅಂದರು. ಇದೆ ಅಂದೆ. ಕೆಲಸ ಸಿಕ್ಕಿತು.

ಆ ಮದುವೆ ವಿಡಿಯೊ ಅಭ್ಯಾಸವೇ ನನ್ನನ್ನು ಕೆಡಿಸಿತು.

ನಮ್ಮದು ಎರಡನೇ ಡಿವಿಷನ್ ಟೀಮು. ಸೀಸನ್ನಿಗೆ 11 ಪಂದ್ಯ, ಹೆಚ್ಚಾಗಿ ಶನಿವಾರ. ಪ್ರೆಸ್ ಬಾಕ್ಸ್ ಅಂದರೆ ಪತ್ರಕರ್ತರು ಕೂರೋ ಕೋಣೆ, ಅದರ ಮಾಳಿಗೆ ಮೇಲೆ ನಾನು. ಗೋಲ್‌ ಕಡೆ ಎತ್ತರದ ಕಂಬದ ತುದಿಯಲ್ಲಿ ಇನ್ನೊಂದು ಕ್ಯಾಮೆರಾ, ಅದನ್ನು ಕೆಳಗಿನಿಂದ ಇನ್ನೊಬ್ಬ ಹುಡುಗ ತಿರುಗಿಸುತ್ತಿದ್ದ. ಅವನ ಫ್ರೇಮು ಬಿಗಿ, ಎರಡೂ ಕಡೆಯವರು ಮುಖಾಮುಖಿಯಾಗೋ ಜಾಗ ಮಾತ್ರ. ನನ್ನದು ಅಗಲ. ಮೈದಾನದಲ್ಲಿರುವ 22 ಜನರೂ ಅದರಲ್ಲಿ ಕಾಣಬೇಕು. ಒಂದೊಂದು ಆಟ ಐದಾರು ಸೆಕೆಂಡಿನಲ್ಲಿ ಮುಗಿಯುತ್ತದೆ. ಆಟ ಶುರುವಾಗೋ ಮುಂಚೆ ರೆಕಾರ್ಡ್ ಒತ್ತಬೇಕು, ಸೀಟಿ ಹೊಡೆದ ಮೇಲೆ ನಿಲ್ಲಿಸಬೇಕು, ಮಧ್ಯೆ ಒಂದು ಕ್ಷಣ ಸ್ಕೋರ್‌ಬೋರ್ಡ್ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಯಾವ ತುಣುಕು ಯಾವ ಹೊತ್ತಿನದ್ದು ಅಂತ ಆಮೇಲೆ ಗೊತ್ತಾಗುವುದಿಲ್ಲ.

ಇದೆಲ್ಲ ಮೊದಲ ದಿನವೇ ಹೇಳಿದ್ದರು. ನಾನೂ ತಲೆ ಆಡಿಸಿದ್ದೆ. ಆದರೆ ಮದುವೆಯಲ್ಲಿ ತಾಳಿ ಕಟ್ಟೋ ಹೊತ್ತಿಗೆ ಏನು ಮಾಡ್ತೀವಿ? ಮಂಟಪದಲ್ಲಿ ಐವತ್ತು ಜನ ಇದ್ದರೂ ವರನ ಕೈ ಮೇಲೆ ಜೂಮ್. ಕೈ ತಾನಾಗಿಯೇ ಹೋಗುತ್ತದೆ.

ಮೂರನೇ ಪಂದ್ಯ. ಎದುರಾಳಿಗಳ ಕ್ವಾರ್ಟರ್‌ಬ್ಯಾಕ್, ಅಂದರೆ ಆಟ ನಡೆಸಿ ಚೆಂಡು ಎಸೆಯೋನು, ಹಿಂದೆ ತಿರುಗಿ ಓಟಗಾರನ ಹೊಟ್ಟೆಗೆ ಚೆಂಡು ಇಟ್ಟ. ಅವನು ಬಗ್ಗಿಕೊಂಡು ನುಗ್ಗಿದ. ನಾನೂ ಜೂಮ್ ಮಾಡಿ ಅವನ ಹಿಂದೆ ಹೋದೆ. ನಮ್ಮ ನಾಲ್ಕು ಜನ ಅವನ ಮೇಲೆ ಬಿದ್ದರು. ಒಳ್ಳೆ ಶಾಟ್ ಅಂತ ಖುಷಿಪಡುತ್ತಿದ್ದೆ. ಅಷ್ಟರಲ್ಲಿ ಮೈದಾನದ ಆ ತುದಿಯಲ್ಲಿ ಕೂಗು. ಚೆಂಡು ಇವನ ಹತ್ತಿರ ಇರಲೇ ಇಲ್ಲ! ಕೊಟ್ಟ ಹಾಗೆ ಮಾಡಿ ಕ್ವಾರ್ಟರ್‌ಬ್ಯಾಕ್ ತಾನೇ ಇಟ್ಟುಕೊಂಡು, ದೂರಕ್ಕೆ ಎಸೆದು ಟಚ್‌ಡೌನ್ ಮಾಡಿಸಿದ್ದ, ಅಂದರೆ ಚೆಂಡು ನಮ್ಮ ಕೊನೆಯ ಗೆರೆ ದಾಟಿ ಅವರಿಗೆ ಅಂಕ ಬಂದಿತ್ತು. ಇದಕ್ಕೆ ಪ್ಲೇ ಆ್ಯಕ್ಷನ್ ಅನ್ನುತ್ತಾರೆ. ಮೋಸ ಹೋಗಿದ್ದು ನಮ್ಮ ನಾಲ್ಕು ಜನ, ಐದನೆಯವನು ನಾನು.

ಭಾನುವಾರ ಮಧ್ಯಾಹ್ನ ಫಿಲ್ಮ್ ರೂಮು. ಕೋಚ್ ರಿಮೋಟ್ ಒತ್ತಿದರು. ಪರದೆ ತುಂಬ ಚೆಂಡಿಲ್ಲದ ಓಟಗಾರ. ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ. ಚೆಂಡು ಹಿಡಿದವನನ್ನು ಕಾಯಬೇಕಾಗಿದ್ದ ನಮ್ಮ ಹುಡುಗ ಎಲ್ಲಿದ್ದ, ಕಾಲು ಎಲ್ಲಿ ತಪ್ಪಿತು ಅಂತ ಅವರಿಗೆ ನೋಡಬೇಕಿತ್ತು. ಇನ್ನೊಂದು ಕ್ಯಾಮೆರಾದಲ್ಲೂ ಅದು ಇಲ್ಲ, ಅದರ ಫ್ರೇಮು ಬಿಗಿ ಅಲ್ವಾ. ಕೋಚ್ ಬೈಯಲಿಲ್ಲ. "ನಮ್ಮ ಕ್ಯಾಮೆರಾಮನ್‌ಗೆ ಅವರ ನಾಟಕ ಇಷ್ಟ ಆಗಿದೆ" ಅಂದರು. ಎಲ್ಲರೂ ನಕ್ಕರು. ಬೈದಿದ್ದರೇ ವಾಸಿಯಿತ್ತು.

ಅಲ್ಲಿಗೂ ಮುಗಿಯಲಿಲ್ಲ. ಪಂದ್ಯಕ್ಕೆ ಮುಂಚೆ ಟೀಮುಗಳು ತಮ್ಮ ಹಳೇ ಫಿಲ್ಮುಗಳನ್ನು ಪರಸ್ಪರ ಕೊಟ್ಟುಕೊಳ್ಳುತ್ತವೆ. ನನ್ನ ತುಣುಕು ಮುಂದಿನ ವಾರದ ಎದುರಾಳಿಗಳಿಗೂ ಹೋಯಿತು! ಅದೇ ಸೀಸನ್ನಿನಲ್ಲಿ ಮಿಷಿಗನ್ ಯೂನಿವರ್ಸಿಟಿಯ ಗಲಾಟೆ ನಡೆಯುತ್ತಿತ್ತು. ಫಿಲ್ಮ್ ನೋಡುವುದು ಸರಿ, ಆದರೆ ಮುಂದೆ ಎದುರಾಗೋ ಟೀಮಿನ ಪಂದ್ಯಕ್ಕೆ ಖುದ್ದಾಗಿ ಹೋಗಿ ಗೂಢಚಾರಿಕೆ ಮಾಡುವುದಕ್ಕೆ 1994ರಿಂದ ನಿಷೇಧ ಇದೆ. ಮಿಷಿಗನ್ ಸಿಬ್ಬಂದಿ ಹಾಗೆ ಹೋಗಿ, ಎದುರಾಳಿ ಕೋಚ್‌ಗಳು ಆಟಗಾರರಿಗೆ ಮಾಡೋ ಕೈಸನ್ನೆ ಕದ್ದರು ಅನ್ನೋದು ಆಗಿನ ಆರೋಪ. ಅವರ ಕೋಚ್ ಜಿಮ್ ಹಾರ್ಬಾ ಲೀಗಿನ ಕೊನೆಯ ಮೂರು ಪಂದ್ಯ ಹೊರಗೆ ಕೂತರು. ಆದರೂ ಟೀಮು 15ಕ್ಕೆ 15 ಗೆದ್ದು ಚಾಂಪಿಯನ್ ಆಯಿತು. ಮಾಳಿಗೆ ಮೇಲೆ ದಿನಾ ಇದೇ ಚರ್ಚೆ. ನನ್ನ ಫಿಲ್ಮ್ ನೋಡಿದರೆ ಯಾರೂ ಏನೂ ಕದಿಯೋಕಾಗಲ್ಲ ಅಂತ ಎಲ್ಲರೂ ರೇಗಿಸುತ್ತಿದ್ದರು.

ನಮ್ಮ ವಿಡಿಯೊ ವಿಭಾಗದ ಹಿರಿಯರು ಸೋಮವಾರ ಪಕ್ಕದಲ್ಲಿ ಕೂರಿಸಿಕೊಂಡರು. "ಚೆಂಡು ನೋಡಬೇಡ. ಮುಂದಿನ ಸಾಲಿನ ಐದು ಜನ ದಪ್ಪ ಹುಡುಗರನ್ನು ನೋಡು" ಅಂದರು. ಪಾಸ್ ಎಸೆಯೋ ಮೊದಲು ಆ ಐವರು ಆಟ ಶುರುವಾದ ಗೆರೆಯಿಂದ 3 ಗಜಕ್ಕಿಂತ ಮುಂದೆ ಹೋಗುವಂತಿಲ್ಲ, ಅದು ಕಾಲೇಜು ಫುಟ್‌ಬಾಲಿನ ನಿಯಮ. ಕ್ವಾರ್ಟರ್‌ಬ್ಯಾಕ್ ಎಷ್ಟು ಬೇಕಾದರೂ ನಾಟಕ ಆಡಬಹುದು, ಇವರು ಜಾಸ್ತಿ ಆಡುವಂತಿಲ್ಲ. ಅವರು ಹಿಂದೆ ಸರಿದರೆ ಪಾಸು. ನುಗ್ಗುತ್ತಲೇ ಹೋದರೆ ಓಟ. ನಾನು ಮೂರು ವಾರ ಹಳೇ ಫಿಲ್ಮಿನಲ್ಲಿ ಅವರನ್ನೇ ನೋಡಿದೆ. ನಮ್ಮವರಲ್ಲೇ ಒಬ್ಬ ಪ್ರತಿ ಪಾಸಿಗೂ ಮುಂಚೆ ಬೆರಳು ನೆಲದಿಂದ ಸ್ವಲ್ಪ ಎತ್ತುತ್ತಿದ್ದ. ಅವನ ತೂಕ ಹಿಮ್ಮಡಿಗೆ ಬಂದಿದೆ ಅಂತ ಅರ್ಥ. ಕೋಚ್‌ಗೆ ಹೇಳಿದೆ. ಅವರು ಅವನಿಗೆ ಹೇಳಿದರು. ಆ ಸೀಸನ್ನಿನಲ್ಲಿ ನಾನು ಟೀಮಿಗೆ ಮಾಡಿದ ಉಪಕಾರ ಅಂದರೆ ಬಹುಶಃ ಅದೊಂದೇ.

ಜೂಮ್ ಬಟನ್ನಿಗೆ ಟೇಪ್ ಅಂಟಿಸಿದ್ದೂ ಆಗಲೇ. ನಾಚಿಕೆ ಆಗುತ್ತಿತ್ತು, ಆದರೆ ಕೈ ಮಾತು ಕೇಳಬೇಕಲ್ಲ.

ಕೊನೆಯ ಪಂದ್ಯ ನವೆಂಬರ್‌ನಲ್ಲಿ, ಬೇರೆಯವರ ಊರಿನಲ್ಲಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ ಅಂತ ಎರಡನ್ನು ಜಾಕೆಟ್ ಒಳಗೆ, ಎದೆಗೆ ಒತ್ತಿ ಇಟ್ಟುಕೊಂಡಿದ್ದೆ. ನಮ್ಮದು 21, ಅವರದ್ದು 23. ಕೊನೆಗೆ ನಾಲ್ಕು ಸೆಕೆಂಡು, ನಮ್ಮ ಹುಡುಗ ಫೀಲ್ಡ್ ಗೋಲ್ ಒದೆಯಬೇಕು. ಚೆಂಡು ಗೋಲ್ ಕಂಬಗಳ ಮಧ್ಯೆ ಹೋದರೆ 3 ಅಂಕ. ಒದ್ದ. ಚೆಂಡು ಮೇಲೆ ಹೋಗಿ ನನ್ನ ಫ್ರೇಮಿನಿಂದ ಆಚೆ ಆಯಿತು. ಕತ್ತು ಎತ್ತಿ ನೋಡಬೇಕು ಅಂತ ಪ್ರಾಣ ಹೋಗುತ್ತಿತ್ತು. ನೋಡಲಿಲ್ಲ. 22 ಜನ ಪುಟ್ಟದಾಗಿ ಪರದೆಯಲ್ಲಿ ನಿಂತಿದ್ದರು.

ಸ್ಟೇಡಿಯಂನಲ್ಲಿ ಸದ್ದೇ ಇಲ್ಲ. ಅವರ ಊರು, ಅವರ ಜನ, ಆದರೂ ಸದ್ದಿಲ್ಲ. ಆಮೇಲೆ ಸೀಟಿ. ಕ್ಯಾಮೆರಾ ನಿಧಾನಕ್ಕೆ ಸ್ಕೋರ್‌ಬೋರ್ಡ್ ಕಡೆ ತಿರುಗಿಸಿದೆ. 24–23. ಆ ಶಾಟ್ ಎರಡು ಸೆಕೆಂಡ್ ಇದ್ದರೆ ಸಾಕು. ನಾನು ತೆಗೆದದ್ದು ನಲವತ್ತು ಸೆಕೆಂಡ್ ಇತ್ತು, ಅಲುಗಾಡ್ತಾ.