ಮರೆತಿದೆ ಅಂತ ಹೇಳಿದವರು ಯಾರು?

‘ಮಗು ಎಲ್ಲಾ ಮರೆತು ಆಡ್ಕೊಂಡಿದೆ. ಮತ್ಯಾಕೆ ಕರೆಸಿಕೊಂಡು ಕೆದಕ್ತೀರಿ?’

ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳನ್ನು ನೋಡುವ ಓಪಿಡಿಯಲ್ಲಿ ನಾನು ಕೆಲಸ ಮಾಡುತ್ತೇನೆ ಅಂತ ಗೊತ್ತಾದ ಕೂಡಲೇ ಈ ಪ್ರಶ್ನೆ ಬರುತ್ತದೆ. ಗೃಹಪ್ರವೇಶದ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಕೇಳಿದ್ದಾರೆ, ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳಿದ್ದಾರೆ, ಓದಿಕೊಂಡ ಮೇಷ್ಟ್ರುಗಳೂ ಕೇಳಿದ್ದಾರೆ. ಇಷ್ಟು ವರ್ಷ ಸಮಾಧಾನವಾಗಿ ವಿವರಿಸಿದೆ. ಇನ್ನು ನನ್ನಿಂದ ಆಗುವುದಿಲ್ಲ. ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ಆ ‘ಕೆದಕು’ ಎನ್ನುವ ಮಾತು. ಕೋಳಿ ತಿಪ್ಪೆ ಕೆದಕುತ್ತದೆ. ಒಣಗಿದ ಗಾಯಕ್ಕೆ ಉಗುರು ಹಾಕುವುದಕ್ಕೂ ಹಾಗೇ ಅನ್ನುತ್ತೇವೆ. ಅಂದರೆ ಕೇಳುವವರ ಲೆಕ್ಕದಲ್ಲಿ ಗಾಯ ಆಗಲೇ ಒಣಗಿದೆ. ಯಾರು ನೋಡಿದರು?

ಒಬ್ಬ ಸೋದರಮಾವ ಎಂಟು ವರ್ಷದ ಹುಡುಗಿಯನ್ನು ಕರೆದುಕೊಂಡು ಬಂದಿದ್ದರು. (ಗುರುತು ಹತ್ತದ ಹಾಗೆ ವಿವರ ಬದಲಿಸಿದ್ದೇನೆ.) ತಾಯಿ ಹಿಂದೆ ನಿಂತಿದ್ದರು, ಮಾತೆಲ್ಲ ಮಾವನದು. ‘ಮೇಡಂ, ಅವಳು ಮರೆತಿದಾಳೆ. ಊಟ ಮಾಡ್ತಾಳೆ, ಶಾಲೆಗೆ ಹೋಗ್ತಾಳೆ. ಮರೆತಿದಾಳೆ ಅಂತ ಒಂದು ಕಾಗದ ಬರೆದುಕೊಡಿ, ಸಾಕು.’

ಅವರು ಹೇಳುತ್ತಿರುವಾಗಲೇ ಹುಡುಗಿ ನನ್ನ ಕೋಣೆಯ ಬಾಗಿಲ ಹತ್ತಿರ ಹೋದಳು. ಚಿಲಕ ನೋಡಿದಳು. ತುದಿಗಾಲಲ್ಲಿ ನಿಂತು ಕೈ ಚಾಚಿದಳು, ಬೆರಳು ಮುಟ್ಟಲಿಲ್ಲ. ಮತ್ತೊಮ್ಮೆ ಚಾಚಿದಳು. ಆಮೇಲೆ ಪ್ಲಾಸ್ಟಿಕ್ ಸ್ಟೂಲೊಂದನ್ನು ಎಳೆದು ಬಾಗಿಲು ಮುಚ್ಚದ ಹಾಗೆ ಅಡ್ಡ ಇಟ್ಟು, ಅದರ ಮೇಲೇ ಕೂತಳು. ಮಾವನ ‘ಮರೆತಿದಾಳೆ’ ಇನ್ನೂ ಮುಗಿದಿರಲಿಲ್ಲ.

ಆ ದಿನ ನಾನು ಅವಳನ್ನು ಏನೂ ಕೇಳಲಿಲ್ಲ. ಬಾಗಿಲು ತೆರೆದೇ ಇರಲಿ ಅಂದೆ.

ಕೆದಕುವುದು ಅನ್ನುವವರಿಗೆ ಗೊತ್ತಿಲ್ಲದ ಸಂಗತಿ ಇದು: ಮೊದಲ ಎರಡು ಮೂರು ವಾರ ಆದದ್ದರ ವಿವರ ಕೇಳುವುದೇ ಇಲ್ಲ. ಮಗು ಅದನ್ನು ಪೊಲೀಸರ ಮುಂದೆ, ಮ್ಯಾಜಿಸ್ಟ್ರೇಟರ ಮುಂದೆ ಹೇಳಿಯಾಗಿರುತ್ತದೆ. ನಾವು ಇನ್ನೊಂದು ಹೇಳಿಕೆ ಬರೆದುಕೊಳ್ಳಲು ಕೂತಿಲ್ಲ. ಮೊದಲು ನಿದ್ದೆ, ಹೊಟ್ಟೆನೋವು, ರಾತ್ರಿ ಒದ್ದೆಯಾಗುವ ಹಾಸಿಗೆ. ಭಯ ಬಂದರೆ ಮೈಯಲ್ಲಿ ಎಲ್ಲಿ ಗೊತ್ತಾಗುತ್ತೆ ಎನ್ನುವ ಮಾತು. ಉಸಿರಾಟ ಹೇಳಿಕೊಡುತ್ತೇವೆ. ಬಿಸಿ ಇಡ್ಲಿ ಆರಿಸುವ ಹಾಗೆ ಮೆಲ್ಲಗೆ, ಉದ್ದಕ್ಕೆ ಊದಬೇಕು. ಆ ಹುಡುಗಿ ಅದಕ್ಕೆ ‘ಇಡ್ಲಿ ಉಸಿರು’ ಅಂತ ಹೆಸರಿಟ್ಟಳು. ಅಮ್ಮನಿಗೆ ಕಲಿಸಿದಳು, ನಾನು ಜೋರಾಗಿ ಊದಿದೆ ಅಂತ ನನ್ನನ್ನೂ ತಿದ್ದಿದಳು: ‘ಹಂಗೆ ಊದಿದ್ರೆ ಚಟ್ನಿ ಹಾರುತ್ತೆ.’ ನಾವು ಮೂವರೂ ನಕ್ಕೆವು. ಅಲ್ಲಿ ನಗುವೂ ಇರುತ್ತದೆ, ದಯವಿಟ್ಟು ತಿಳಿದುಕೊಳ್ಳಿ.

ಆಮೇಲೆ, ಮಗುವಿಗೆ ಧೈರ್ಯ ಬಂದ ಮೇಲೆ, ಆದದ್ದನ್ನು ಸ್ವಲ್ಪ ಸ್ವಲ್ಪವೇ ಹೇಳುವುದು, ಬರೆಯುವುದು, ಚಿತ್ರ ಮಾಡುವುದು. ಬೇಡ ಅಂದ ದಿನ ಅಲ್ಲಿಗೇ ನಿಲ್ಲಿಸುತ್ತೇವೆ. ಟಿಎಫ್-ಸಿಬಿಟಿ (ಮನಸ್ಸಿಗೆ ಆಘಾತವಾದ ಮಕ್ಕಳಿಗೆ ಮಾತಿನ ಮೂಲಕ ಕೊಡುವ ಚಿಕಿತ್ಸೆ) ಅನ್ನುವ ಈ ಕ್ರಮವನ್ನು ಅಮೆರಿಕದಲ್ಲಿ ಕೊಹೆನ್, ಮ್ಯಾನರಿನೊ, ಡೆಬ್ಲಿಂಜರ್ ಎಂಬ ಮೂವರು ರೂಪಿಸಿದರು. ಸಾಮಾನ್ಯವಾಗಿ 12ರಿಂದ 16 ಸೆಷನ್ನು, ವಾರಕ್ಕೊಂದು. ಮಗುವಿಗೆ ಎಷ್ಟು ಹೊತ್ತೋ ತಾಯಿಗೋ ತಂದೆಗೋ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಮಗು ನಮ್ಮ ಹತ್ತಿರ ಇರುವುದು ವಾರದಲ್ಲಿ ಒಂದು ಗಂಟೆ, ಉಳಿದದ್ದೆಲ್ಲ ಮನೆಯಲ್ಲೇ ತಾನೆ?

‘ಡಾಕ್ಟರು ಪರೀಕ್ಷೆ ಮಾಡಿ ಏನೂ ಆಗಿಲ್ಲ ಅಂದ್ರಲ್ಲ’ ಎನ್ನುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ದೌರ್ಜನ್ಯಕ್ಕೆ ಒಳಗಾದ ಬಹುಪಾಲು ಮಕ್ಕಳ ದೇಹಪರೀಕ್ಷೆಯಲ್ಲಿ ಗಾಯ ಕಾಣುವುದಿಲ್ಲ. ಗಾಯ ಕಾಣಲಿಲ್ಲ ಅಂತ ಮಗುವಿನ ಮಾತು ಸುಳ್ಳಾಗುವುದಿಲ್ಲ.

ಹೌದು, ನಾನು ಪೊಲೀಸರಿಗೆ ತಿಳಿಸಲೇಬೇಕು. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದ ಯಾರೇ ಆಗಲಿ ತಿಳಿಸಬೇಕು, ನೀವೂ ಕೂಡ. ಇದನ್ನು ಮುಚ್ಚಿಟ್ಟು ಮಾತು ಶುರುಮಾಡುವುದಿಲ್ಲ, ಮೊದಲೇ ಹೇಳುತ್ತೇನೆ. ಹಾಗೆ ಹೇಳಿದ್ದಕ್ಕೆ ಒಬ್ಬ ತಾಯಿ ಮಗನ ಕೈ ಹಿಡಿದು ಎದ್ದು ಹೋದರು. ಮತ್ತೆ ಬರಲಿಲ್ಲ. ಗುರುವಾರಗಳಲ್ಲಿ ಈಗಲೂ ಸಾಲಿನಲ್ಲಿ ಆ ಹುಡುಗನ ಮುಖ ಹುಡುಕುತ್ತೇನೆ. ಗಂಡುಮಕ್ಕಳಿಗೂ ಆಗುತ್ತದೆ. ಅವರನ್ನು ಕರೆತರುವವರು ಇನ್ನೂ ಕಡಿಮೆ.

ಕೇಂದ್ರ ಸರ್ಕಾರ 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 13 ರಾಜ್ಯಗಳ 12 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮಾತಾಡಿಸಿದ್ದರು. ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಆಗಿದೆ ಅಂದವರು ಅರ್ಧಕ್ಕಿಂತ ಹೆಚ್ಚು. ಅವರಲ್ಲಿ ಹೆಚ್ಚಿನವರು ಅದನ್ನು ಯಾರಿಗೂ ಹೇಳಿರಲೇ ಇಲ್ಲ. ಈ ಸುಮ್ಮನಿರುವಿಕೆಗೇ ನಾವು ‘ಮರೆತಿದೆ’ ಅಂತ ಹೆಸರಿಟ್ಟಿದ್ದೇವೆ.

ಇಷ್ಟು ವರ್ಷದಲ್ಲಿ ಪಂಕ್ತಿಯಲ್ಲಾಗಲಿ ಬಸ್ಸಲ್ಲಾಗಲಿ ಒಬ್ಬರೂ ಕೇಳದ ಪ್ರಶ್ನೆ ಒಂದಿದೆ: ‘ನಾಳೆ ನನ್ನ ಮಗು ಬಂದು ಹೇಳಿದರೆ ನಾನೇನು ಹೇಳಲಿ?’ ಕೇಳಿ, ಕೈಮುಗಿದು ಹೇಳುತ್ತೇನೆ. ಒಲೆ ಆರಿಸಿ, ಕೆಳಗೆ ಕೂತುಕೊಳ್ಳಿ. ‘ನೀನು ಹೇಳಿದ್ದು ಒಳ್ಳೇದಾಯ್ತು. ನಿನ್ನ ತಪ್ಪಿಲ್ಲ.’ ಇಷ್ಟು ಸಾಕು. ‘ಅಲ್ಲಿಗ್ಯಾಕೆ ಹೋದೆ’, ‘ಮೊದಲೇ ಯಾಕೆ ಹೇಳಲಿಲ್ಲ’ ಬಾಯಿಗೆ ಬಂದರೂ ನುಂಗಿಕೊಳ್ಳಿ. ಯಾರಿಗೂ ಹೇಳಲ್ಲ ಅಂತ ಆಣೆ ಇಡಬೇಡಿ, ಅದನ್ನು ನಡೆಸಿಕೊಡಲು ಆಗುವುದಿಲ್ಲ. ಆಗಷ್ಟೇ ಆಗಿದ್ದರೆ ಸ್ನಾನ ಮಾಡಿಸದೆ, ಬಟ್ಟೆ ಒಗೆಯದೆ ಆಸ್ಪತ್ರೆಗೆ ಹೋಗಿ. ಸರ್ಕಾರಿ ಇರಲಿ ಖಾಸಗಿ ಇರಲಿ, ದುಡ್ಡು ಕೇಳದೆ ಚಿಕಿತ್ಸೆ ಕೊಡಬೇಕು. ಎಫ್‌ಐಆರ್ ತನ್ನಿ ಅಂತ ಹಿಂದೆ ಕಳಿಸುವಂತಿಲ್ಲ. ದಿಕ್ಕು ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹೇಳಿಕೆ ಪಡೆಯಲು ಪೊಲೀಸರು ಮನೆಗೇ ಬರಬಹುದು, ಯೂನಿಫಾರ್ಮ್ ಹಾಕಿಕೊಂಡು ಬರುವಂತಿಲ್ಲ. ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.

ಇಡ್ಲಿ ಉಸಿರಿನ ಆ ಹುಡುಗಿಯ ತಾಯಿ ನಾಲ್ಕನೇ ವಾರ ಮೊದಲ ಬಾರಿ ಬಾಯಿ ಬಿಟ್ಟರು. ‘ಅವತ್ತು ಅವಳು ಹೇಳಿದಳು ಮೇಡಂ. ನಾನೇ ಸುಮ್ನಿರು ಅಂದೆ.’ ಮುಂದಿನ ವಾರಗಳ ಅರ್ಧ ಕೆಲಸ ಈ ಒಂದು ಮಾತಿನದು.

ಮಾವ ಕಾಗದ ಕೇಳುವುದನ್ನು ಬಿಟ್ಟರು. ಆದದ್ದರ ಹೆಸರು ಮಾತ್ರ ಅವರ ಬಾಯಲ್ಲಿ ಇವತ್ತಿಗೂ ಬಂದಿಲ್ಲ, ‘ಆ ವಿಷಯ’ ಅಂತಲೇ ಅನ್ನುತ್ತಾರೆ. ಒಂಬತ್ತನೇ ವಾರ ಹುಡುಗಿ ಓಡಿಬಂದು ಹೇಳಿದಳು: ಮನೆಯ ಬಚ್ಚಲಿಗೂ ಮಲಗುವ ಕೋಣೆಗೂ ಒಳಗಡೆ ಕೆಳಗೊಂದು ಹೊಸ ಚಿಲಕ ಬಂದಿದೆಯಂತೆ. ಮಾವನೇ ಕೂರಿಸಿದ್ದಂತೆ. ಎಷ್ಟು ಎತ್ತರಕ್ಕೆ ಬೇಕು ಅಂತ ಅವಳನ್ನು ಬಾಗಿಲಿಗೆ ನಿಲ್ಲಿಸಿ, ಪೆನ್ಸಿಲಲ್ಲಿ ಗೀಟು ಹಾಕಿಕೊಂಡರಂತೆ.