ಕತ್ತಲಲ್ಲೂ ಕೈಗೆ ತಿಳಿಯುವ ರಿಮೋಟ್

ಟಿವಿಗೆ ಜೋಡಿಸುವ ಆಪಲ್ ಟಿವಿ ಪೆಟ್ಟಿಗೆಯ 2015ರ ರಿಮೋಟನ್ನೂ 2021ರದ್ದನ್ನೂ ಕಣ್ಣುಮುಚ್ಚಿ ಹಿಡಿದು ನೋಡಿ, ವ್ಯತ್ಯಾಸ ತಕ್ಷಣ ಗೊತ್ತಾಗುತ್ತೆ. ಹಳೆಯದು ಬರೀ 6.3 ಮಿ.ಮೀ. ದಪ್ಪ, ಎರಡು ತುದಿಯೂ ಹೆಚ್ಚುಕಮ್ಮಿ ಒಂದೇ ಥರ. ಮೇಲ್ಭಾಗವಿಡೀ ಗಾಜಿನ ಟಚ್‌ಪ್ಯಾಡ್. ತಲೆಕೆಳಗಾಗಿ ಎತ್ತಿಕೊಂಡು ಹೆಬ್ಬೆರಳು ಸ್ವಲ್ಪ ತಾಗಿದರೂ ಸಾಕು, ಸಿನಿಮಾ ಎಲ್ಲಿಗೋ ಹಾರಿಬಿಡುತ್ತಿತ್ತು. 2017ರಲ್ಲಿ ಮೆನು ಗುಂಡಿಯ ಸುತ್ತ ಉಬ್ಬಿದ ಬಿಳಿ ಉಂಗುರ ಹಾಕಿದರು, ಅದು ಅರ್ಧ ಪರಿಹಾರ ಅಷ್ಟೇ.

ಹೊಸದು 9 ಮಿ.ಮೀ.ಗಿಂತ ದಪ್ಪ, ಮೈ ಅಲ್ಯುಮಿನಿಯಂನದ್ದು. ಮಾತಿನಲ್ಲೇ ಆದೇಶ ಕೊಡುವ ಸಿರಿ ಗುಂಡಿ ಬಲಬದಿಗೆ ಹೋಗಿದೆ, ಪವರ್ ಮತ್ತು ಮ್ಯೂಟ್‌ಗೆ ಬೇರೆ ಗುಂಡಿಗಳಿವೆ. ನನಗೆ ತುಂಬಾ ಮೆಚ್ಚುಗೆಯಾದದ್ದು ಬೆರಳಲ್ಲಿ ಸವರುವ, ಒತ್ತುವ ದುಂಡು ಫಲಕ, ಅಂದರೆ ಕ್ಲಿಕ್‌ಪ್ಯಾಡಿನ ಹೊರಬಳೆ. ವಿಡಿಯೊ ನಿಲ್ಲಿಸಿ, ಬಳೆಯ ಮೇಲೆ ಬೆರಳು ಒಂದು ಗಳಿಗೆ ಇಟ್ಟಿರಿ. ಪರದೆಯಲ್ಲಿ ಉಂಗುರದ ಚಿಹ್ನೆ ಬಂದ ಮೇಲೆ ಸುತ್ತಿಸಿದರೆ ಬೇಕಾದ ದೃಶ್ಯಕ್ಕೇ ಹೋಗಿ ನಿಲ್ಲಬಹುದು. ಚಿಹ್ನೆ ಬರುವ ಮೊದಲೇ ಸುತ್ತಿಸಿದರೆ ಅದನ್ನು ಬರೀ ಸವರಿದ್ದು ಅಂತ ತಿಳಿಯುತ್ತೆ. ಹೆಚ್ಚಿನವರು ಎಡವೋದು ಇಲ್ಲೇ.

ಬೆರಳು ತಾಗಿದ್ದಕ್ಕೆಲ್ಲ ಮೆನು ಓಡುತ್ತಿದೆಯೇ? ಸೆಟಿಂಗ್ಸ್, ರಿಮೋಟ್ಸ್ ಅಂಡ್ ಡಿವೈಸಸ್, ಅಲ್ಲಿ ಕ್ಲಿಕ್‌ಪ್ಯಾಡನ್ನು 'ಕ್ಲಿಕ್ ಓನ್ಲಿ' ಮಾಡಿ. ರಿಮೋಟ್ ಸ್ಪಂದಿಸದಿದ್ದರೆ ಟಿವಿ ಗುಂಡಿ ಮತ್ತು ವಾಲ್ಯೂಮ್ ಡೌನ್ ಒಟ್ಟಿಗೆ ಸುಮಾರು 5 ಸೆಕೆಂಡ್ ಒತ್ತಿಹಿಡಿಯಿರಿ, ಅದು ರೀಸ್ಟಾರ್ಟ್ ಆಗುತ್ತೆ.

ಒಂದು ನಷ್ಟವಂತೂ ಇದೆ. ಹಳೆಯದರಲ್ಲಿದ್ದ, ಕೈಯ ಅಲುಗಾಟ ಮತ್ತು ತಿರುವನ್ನು ಗುರುತಿಸುವ ಆಕ್ಸೆಲೆರೊಮೀಟರ್, ಗೈರೊಸ್ಕೋಪ್ ಇದರಲ್ಲಿಲ್ಲ. ರಿಮೋಟ್ ಓಲಾಡಿಸಿ ಆಡುವ ಆಟಗಳಿಗೆ ಬೇರೆ ಗೇಮ್ ಕಂಟ್ರೋಲರ್ ಬೇಕು.